ಅಪಾಚೆಗೂ ಟಾಮ್‌ಕ್ಯಾಟ್‌ಗೂ ಕನೆಕ್ಟರ್ ಜೋಡಿಸುವುದು ಹೇಗೆ?

ಜಾವಾ ಅಪ್ಲಿಕೇಷನ್ ಓಡುವುದು ಟಾಮ್‌ಕ್ಯಾಟ್‌ನಲ್ಲಿ. ಬ್ರೌಸರ್‌ಗಳ ಕೋರಿಕೆಗಳನ್ನು ಎದುರುಗೊಳ್ಳುವುದು ಅಪಾಚೆ ವೆಬ್ ಸರ್ವರ್. ಇವೆರಡನ್ನು ಜೋಡಿಸಲು ಮುಖ್ಯವಾಗಿ ಎರಡು ದಾರಿಗಳಿವೆ: 8080ನೇ ಪೋರ್ಟ್ ಮೂಲಕ ಸಾದಾ ಎಚ್‌ಟಿಟಿಪಿ ಪ್ರಾಕ್ಸಿ (ಬಂದ ಕೋರಿಕೆಯನ್ನು ಟಾಮ್‌ಕ್ಯಾಟ್‌ಗೆ ದಾಟಿಸುವುದು), ಇಲ್ಲವೇ 8009ರ ಮೂಲಕ ಎಜೆಪಿ (ವೆಬ್ ಸರ್ವರ್ ಮತ್ತು ಟಾಮ್‌ಕ್ಯಾಟ್ ಪರಸ್ಪರ ಮಾತಾಡುವ ಪ್ರೋಟೊಕಾಲ್). ಹೊಸದಾಗಿ ಶುರುಮಾಡುವವರಿಗೆ ಮೊದಲನೆಯದೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಆದರೆ ಎಜೆಪಿಯಲ್ಲಿ ಬಳಕೆದಾರನ ಐಪಿ ವಿಳಾಸ, ಎಸ್‌ಎಸ್‌ಎಲ್ ವಿವರಗಳು ಅಪ್ಲಿಕೇಷನ್‌ಗೆ ತಾವಾಗಿಯೇ ತಲುಪುತ್ತವೆ. ಹಾಗಾಗಿ ಹಳೆಯ ವ್ಯವಸ್ಥೆಗಳಲ್ಲಿ ಮಾಡ್‌ಜೆಕೆ ಕನೆಕ್ಟರ್ (ಎಜೆಪಿ ಮೂಲಕ ಟಾಮ್‌ಕ್ಯಾಟ್‌ಗೆ ಜೋಡಿಸುವ ಅಪಾಚೆ ಮಾಡ್ಯೂಲ್) ಇನ್ನೂ ಉಳಿದಿದೆ. ಇಲ್ಲಿ ಹೇಳಹೊರಟಿರುವುದು ಅದರದ್ದೇ.

ಮೊದಲು ಟಾಮ್‌ಕ್ಯಾಟ್ ಕಡೆ. ಕಾನ್ಫ್ ಫೋಲ್ಡರ್‌ನ ಸರ್ವರ್.ಎಕ್ಸ್‌ಎಂಎಲ್ ಕಡತ ತೆರೆದರೆ ಎಜೆಪಿ ಕನೆಕ್ಟರ್‌ನ ಸಾಲು ಕಾಮೆಂಟಿನೊಳಗೆ ಇರುತ್ತದೆ. ಮೊದಲೆಲ್ಲ ಹೀಗಿರಲಿಲ್ಲ. 2020ರಲ್ಲಿ 'ಘೋಸ್ಟ್‌ಕ್ಯಾಟ್' ಎಂಬ ದೋಷ ಬಯಲಾಯಿತು. 8009ನೇ ಪೋರ್ಟ್ ಮುಟ್ಟಬಲ್ಲವರು ಯಾರೇ ಆದರೂ ಅಪ್ಲಿಕೇಷನ್ನಿನ ಒಳಗಿನ ಕಡತಗಳನ್ನು ಓದಬಹುದಿತ್ತು. ಅಂದಿನಿಂದ, ಅಂದರೆ 9.0.31ನೇ ಆವೃತ್ತಿಯಿಂದ, ಎಜೆಪಿಯನ್ನು ನಾವೇ ಚಾಲೂ ಮಾಡಬೇಕು, ಸೀಕ್ರೆಟ್ (ಎರಡೂ ಸರ್ವರ್‌ಗಳಲ್ಲಿ ಒಂದೇ ಇರಬೇಕಾದ ಗುಪ್ತಪದ) ಕೊಡಲೇಬೇಕು. ಕಾಮೆಂಟ್ ತೆಗೆದು ಉದ್ದನೆಯ ಸೀಕ್ರೆಟ್ ಒಂದನ್ನು ಸೇರಿಸಿ. ಎರಡೂ ಸರ್ವರ್ ಒಂದೇ ಯಂತ್ರದಲ್ಲಿದ್ದರೆ ವಿಳಾಸ 127.0.0.1 ಇರಲಿ. ಬೇರೆ ಬೇರೆ ಯಂತ್ರಗಳಾದರೆ ಒಳಜಾಲದ ಐಪಿ ಕೊಟ್ಟು, ಫೈರ್‌ವಾಲ್‌ನಲ್ಲಿ ವೆಬ್ ಸರ್ವರ್‌ಗೆ ಮಾತ್ರ 8009 ತೆರೆಯಿರಿ. ಎಜೆಪಿಯಲ್ಲಿ ಗೂಢಲಿಪೀಕರಣ ಇಲ್ಲ. ಸೀಕ್ರೆಟ್ ಇದೆಯೆಂದು ಅದನ್ನು ಇಂಟರ್‌ನೆಟ್‌ಗೆ ತೆರೆದಿಡಬೇಡಿ.

ಈಗ ಅಪಾಚೆ. ಮಾಡ್‌ಜೆಕೆಯನ್ನು ಲೋಡ್ ಮಾಡಿ, ಜೆಕೆವರ್ಕರ್ಸ್‌ಫೈಲ್ ನಿರ್ದೇಶನದಲ್ಲಿ ವರ್ಕರ್ಸ್.ಪ್ರಾಪರ್ಟೀಸ್ ಕಡತದ ಜಾಗ ತಿಳಿಸಿ. ಆ ಕಡತದಲ್ಲಿ ವರ್ಕರ್‌ನ (ಕೋರಿಕೆಗಳನ್ನು ಪಡೆಯುವ ಟಾಮ್‌ಕ್ಯಾಟ್‌ನ) ಹೆಸರು, ಬಗೆ (ಎಜೆಪಿ13), ಹೋಸ್ಟ್, ಪೋರ್ಟ್ ಮತ್ತು ಅದೇ ಸೀಕ್ರೆಟ್ ಇರಬೇಕು. ಯಾವ ಯುಆರ್‌ಎಲ್ ಯಾವ ವರ್ಕರ್‌ಗೆ ಹೋಗಬೇಕೆಂಬುದನ್ನು ಜೆಕೆಮೌಂಟ್ ಸಾಲು ನಿರ್ಧರಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಮುಖ್ಯ ಸಂರಚನೆಯಲ್ಲಿ ಬರೆದ ಜೆಕೆಮೌಂಟ್ ವರ್ಚುವಲ್ ಹೋಸ್ಟ್‌ಗಳಿಗೆ (ಒಂದೇ ಅಪಾಚೆಯಲ್ಲಿ ನಡೆಯುವ ಬೇರೆ ಬೇರೆ ಜಾಲತಾಣಗಳ ಸಂರಚನೆಗಳಿಗೆ) ತಾನಾಗಿ ಅನ್ವಯಿಸುವುದಿಲ್ಲ. ಆಯಾ ವರ್ಚುವಲ್ ಹೋಸ್ಟ್‌ನೊಳಗೇ ಅದನ್ನು ಬರೆಯಿರಿ, ಇಲ್ಲವೇ ಜೆಕೆಮೌಂಟ್‌ಕಾಪಿಯನ್ನು ಆನ್ ಮಾಡಿ.

ಇನ್ನು ಟೈಮ್‌ಔಟ್, ಅಂದರೆ ಖಾಲಿ ಸಂಪರ್ಕವನ್ನು ಎಷ್ಟು ಹೊತ್ತು ತೆರೆದಿಡಬೇಕೆಂಬ ಮಿತಿ. ವರ್ಕರ್ ಕಡೆಯ ಕನೆಕ್ಷನ್ ಪೂಲ್ ಟೈಮ್‌ಔಟ್ ಲೆಕ್ಕ ಸೆಕೆಂಡಿನಲ್ಲಿ. ಟಾಮ್‌ಕ್ಯಾಟ್‌ನ ಕನೆಕ್ಷನ್ ಟೈಮ್‌ಔಟ್ ಮಿಲಿಸೆಕೆಂಡಿನಲ್ಲಿ. ಅಲ್ಲಿ 600 ಎಂದರೆ ಇಲ್ಲಿ 600000. ಎರಡೂ ಕಡೆ 600 ಎಂದೇ ಬರೆದರೆ ಟಾಮ್‌ಕ್ಯಾಟ್ ಅರೆಕ್ಷಣದಲ್ಲೇ ಖಾಲಿ ಸಂಪರ್ಕಗಳನ್ನು ಮುಚ್ಚುತ್ತಿರುತ್ತದೆ.

ಅಪಾಚೆಯ ಸಂರಚನೆಯಲ್ಲಿ ತಪ್ಪಿದೆಯೇ ಎಂದು ನೋಡುವ ಕಾನ್ಫಿಗ್‌ಟೆಸ್ಟ್ ಓಡಿಸಿ, ಟಾಮ್‌ಕ್ಯಾಟ್, ಆಮೇಲೆ ಅಪಾಚೆ ರೀಸ್ಟಾರ್ಟ್ ಮಾಡಿ. 503 ಬಂದರೆ ಅಪಾಚೆಗೆ ಟಾಮ್‌ಕ್ಯಾಟ್ ಸಿಗುತ್ತಿಲ್ಲ. ಪೋರ್ಟ್, ವಿಳಾಸ ನೋಡಿ. ಎಲ್ಲಕ್ಕೂ 403 ಬಂದರೆ ಸೀಕ್ರೆಟ್ ಹೊಂದುತ್ತಿದೆಯೇ ಎಂದು ಮೊದಲು ನೋಡಿ. 404 ಬಂದರೆ ಆ ಪುಟ ಯಾರದೆಂದು ಗಮನಿಸಿ. ಅಪಾಚೆಯದ್ದಾದರೆ ಜೆಕೆಮೌಂಟ್ ಹಿಡಿದಿಲ್ಲ. ಟಾಮ್‌ಕ್ಯಾಟ್‌ನದ್ದಾದರೆ ಕನೆಕ್ಟರ್ ಕೆಲಸ ಮಾಡುತ್ತಿದೆ; ಹುಡುಕಬೇಕಾದ್ದು ಅಪ್ಲಿಕೇಷನ್ನಿನ ಪಾಥ್‌ನಲ್ಲಿ.