ನೆಮ್ಮದಿಯ ಸಂಬಳ ಎಷ್ಟು? ನಾನು ಲೆಕ್ಕ ಹಾಕಿದ ಬಗೆ

ಬೆಂಗಳೂರಲ್ಲಿ ಸಂಸಾರ ನಡೆಸಲು ಎಷ್ಟು ಸಂಬಳ ಬೇಕು ಎಂದು ಕೇಳಿದರೆ ಜನ ಥಟ್ಟನೆ ಒಂದು ಅಂಕಿ ಹೇಳುತ್ತಾರೆ. ಆ ಅಂಕಿ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ಏಕೆಂದರೆ ತಿಂಗಳು ತಿಂಗಳು ಬರುವ ಖರ್ಚನ್ನಷ್ಟೇ ಎಣಿಸಿರುತ್ತಾರೆ. ಮನೆಯನ್ನು ಹಣ್ಣುಗಾಯಿ ನೀರುಗಾಯಿ ಮಾಡುವುದು ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್, ವ್ಯಾನ್ ಮುಂಗಡ ಎಲ್ಲ ಒಟ್ಟಿಗೆ ಬೀಳುವ ಮೇ, ಜೂನ್. ಹಾಗಾಗಿ ನಾನು ವರ್ಷದ ಲೆಕ್ಕದಿಂದ ಶುರು ಮಾಡಿದೆ.

ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ಪ್ರತಿ ಸಾಲಿನ ಮುಂದೆ ಯಾವ ಖರ್ಚು ಎಂದು ಬರೆಯಬೇಕು. ಎರಡು ವಾರಾಂತ್ಯದ ಕೆಲಸ. ಇಲ್ಲಿ ಮೂರು ಕಡೆ ತಪ್ಪಾಗುತ್ತದೆ. ಕ್ರೆಡಿಟ್ ಕಾರ್ಡಿನ ಬಿಲ್ ಕಟ್ಟಿದ್ದನ್ನೂ ಕಾರ್ಡಿನಲ್ಲಿ ಕೊಂಡ ಸಾಮಾನನ್ನೂ ಎರಡೂ ಎಣಿಸಿದರೆ ಖರ್ಚು ದುಪ್ಪಟ್ಟು ಕಾಣುತ್ತದೆ. ಎಟಿಎಂನಲ್ಲಿ ತೆಗೆದ ನಗದನ್ನು ಬಿಟ್ಟುಬಿಟ್ಟರೆ ಹೂವು, ತರಕಾರಿ, ಕೆಲಸದವರ ಸಂಬಳ ಲೆಕ್ಕಕ್ಕೇ ಬರುವುದಿಲ್ಲ. ತೆಗೆದ ನಗದೆಲ್ಲ ಖರ್ಚೇ ಎಂದು ಹಿಡಿಯಿರಿ. ಮೂರನೆಯದು ಅಕ್ಕಿ. 25 ಕೆಜಿವರೆಗಿನ ಪ್ಯಾಕ್‌ಗೆ 2022ರ ಜುಲೈನಲ್ಲಿ ಶೇ 5 ಜಿಎಸ್‌ಟಿ ಬಂದ ಮೇಲೆ ಅಂಗಡಿಗಳಲ್ಲಿ 26 ಕೆಜಿ ಮೂಟೆ ಬಂತು. ಮೂಟೆಯ ಬೆಲೆಗೆ ಮೂಟೆಯ ಬೆಲೆ ಹೋಲಿಸಿದರೆ ಏರಿಕೆ ತಪ್ಪಾಗಿ ಕಾಣುತ್ತದೆ, ಕೆಜಿ ಲೆಕ್ಕದಲ್ಲೇ ನೋಡಬೇಕು.

ನಾನು ಹಿಡಿದ ಮನೆ ಹೀಗಿದೆ: ಗಂಡ ಹೆಂಡತಿ, ಐದನೇ ತರಗತಿಯ ಮಗು, ಬಿಪಿ ಶುಗರ್ ಮಾತ್ರೆ ತಪ್ಪದೆ ಬೇಕಾದ ಅಮ್ಮ, ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಬಾಡಿಗೆ ನೀರು ಸೇರಿ 22,600. ದಿನಸಿ 7,500, ಹಾಲು ಮೊಸರು 2,600, ತರಕಾರಿ ಹಣ್ಣು 5,000. ಗ್ಯಾಸು, ಕರೆಂಟು, ಫೋನು, ಇಂಟರ್ನೆಟ್ಟು 3,400. ಓಡಾಟ 5,000. ಔಷಧಿ 2,800, ಮನೆಗೆಲಸದವರಿಗೆ 2,500, ಹೋಟೆಲು, ಚಿಲ್ಲರೆ ಖರ್ಚು 4,600. ಒಟ್ಟು 56,000. ಗೃಹಜ್ಯೋತಿ ಇದ್ದರೂ ಕರೆಂಟಿನ ಹಣವನ್ನು ಸೊನ್ನೆ ಮಾಡಲಿಲ್ಲ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಬೇಸಿಗೆಯಲ್ಲಿ ಅದು ಸುಲಭವಾಗಿ ದಾಟುತ್ತದೆ.

ಇನ್ನು ತಿಂಗಳು ತಿಂಗಳು ಬಾರದ ಖರ್ಚು. ಶಾಲೆಗೆ ಫೀಸು 95,000, ವ್ಯಾನು 24,000, ಪುಸ್ತಕ ಬಟ್ಟೆ 14,000. ಅಮ್ಮನದೂ ಸೇರಿ ಆರೋಗ್ಯ ವಿಮೆ 48,000, ಟರ್ಮ್ ವಿಮೆ 18,000. ಗಾಡಿಯ ಇನ್ಶೂರೆನ್ಸು, ಸರ್ವಿಸು 12,000. ಗೌರಿ ಗಣೇಶ, ದಸರಾ, ದೀಪಾವಳಿ, ಯುಗಾದಿಗೆ 30,000. ಊರಿಗೆ ಹೋಗಿಬರುವುದು, ಮದುವೆ ಮುಯ್ಯಿ 36,000. ಹಲ್ಲು, ಕನ್ನಡಕ, ವಿಮೆಗೆ ಸೇರದ ಆಸ್ಪತ್ರೆ ಖರ್ಚು 25,000. ಕೆಟ್ಟ ಮಿಕ್ಸಿ, ಒಡೆದ ಮೊಬೈಲು 22,000. ಕೂಡಿದರೆ 3,24,000, ಅಂದರೆ ತಿಂಗಳಿಗೆ 27,000. ಈ ಮೊತ್ತವನ್ನು ನೋಡದೆ 56,000ವೇ ಮನೆಯ ಖರ್ಚು ಎಂದುಕೊಂಡವರು ಜೂನ್‌ನಲ್ಲಿ ಕಾರ್ಡಿನ ಮೇಲೆ ಬೀಳುತ್ತಾರೆ, ಆ ಸಾಲ ತೀರುವ ಹೊತ್ತಿಗೆ ಹಬ್ಬ ಬಂದಿರುತ್ತದೆ.

ಎರಡೂ ಸೇರಿದರೆ 83,000. ಇದು ಸಾಲವಿಲ್ಲದೆ ಬದುಕುವ ಗೆರೆ. ಇಷ್ಟೇ ಬಂದರೆ ಅದನ್ನು ನೆಮ್ಮದಿ ಎನ್ನಲಾರೆ, ಏಕೆಂದರೆ ಒಂದು ರೂಪಾಯಿಯೂ ಮುಂದಕ್ಕೆ ಉಳಿಯುವುದಿಲ್ಲ. ಮಗುವಿನ ಓದಿಗೆ, ಮುಪ್ಪಿಗೆ 12,000, ಆಪತ್ತಿಗೆ 5,000 ಎಂದು 17,000 ಸೇರಿಸಿದೆ. ಈ ಮನೆಗೆ ನೆಮ್ಮದಿಯ ಗೆರೆ ಕೈಗೆ ಬರುವ 1,00,000.

ಈಗ ಸಿಟಿಸಿ, ಅಂದರೆ ಕಂಪನಿ ನಮಗಾಗಿ ಒಟ್ಟು ಖರ್ಚು ಮಾಡುವ ಹಣದ ಲೆಕ್ಕ. ಆಫರ್ ಲೆಟರಿನಲ್ಲಿ 12 ಲಕ್ಷ ಎಂದಿದ್ದರೆ ತಿಂಗಳಿಗೆ ಲಕ್ಷ ಬರುತ್ತದೆ ಎಂದುಕೊಳ್ಳುವವರು ಬಹಳ. ಮೂಲ ವೇತನ 50,000 ಎಂದು ಹಿಡಿಯಿರಿ. ಶೇ 12ರಂತೆ ಪಿಎಫ್ 6,000, ವೃತ್ತಿ ತೆರಿಗೆ 200 ಕಡಿತವಾಗಿ ಕೈಗೆ 1,00,000 ಬರಬೇಕಾದರೆ ಒಟ್ಟು ಸಂಬಳ 1,06,200 ಇರಬೇಕು. ಅದಕ್ಕೆ ಕಂಪನಿಯ ಪಾಲಿನ ಪಿಎಫ್ 6,000, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಎಂದು ತೋರಿಸುವ ಸುಮಾರು 2,405 ಸೇರಿದರೆ ವರ್ಷಕ್ಕೆ 13.75 ಲಕ್ಷದ ಸಿಟಿಸಿ. ಅದರಲ್ಲಿ ವೇರಿಯಬಲ್ ಪೇ (ಸಾಧನೆ ನೋಡಿ ಕೊಡುವ, ಖಾತ್ರಿಯಿಲ್ಲದ ಹಣ) ಎಂದು ಒಂದು ಸಾಲು ಇದ್ದರೆ ಅದನ್ನು ಕಳೆದೇ ನೋಡಿ.

ಇದೇ ಸಂಬಳದ ಅಂಚಿನಲ್ಲಿ ತೆರಿಗೆಯ ಒಂದು ಹೊಂಡವಿದೆ, ಹೆಚ್ಚಿನವರು ಬಿದ್ದ ಮೇಲೆ ನೋಡುತ್ತಾರೆ. 1,06,200 ಎಂದರೆ ವರ್ಷಕ್ಕೆ 12,74,400. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರಿಗೆಲ್ಲ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11,99,400. 12 ಲಕ್ಷದೊಳಗೆ ಇರುವುದರಿಂದ ತೆರಿಗೆ ಸೊನ್ನೆ. ಈಗ ಶೇ 5 ಇನ್‌ಕ್ರಿಮೆಂಟ್ ಬಂತು ಅಂತಿಟ್ಟುಕೊಳ್ಳಿ. ಒಟ್ಟು 13,38,120 ಆಗುತ್ತದೆ, ಏರಿದ್ದು 63,720. ತೆರಿಗೆಗೆ ಒಳಪಡುವ ಆದಾಯ 12,63,120. ಸಾಮಾನ್ಯ ಲೆಕ್ಕದಲ್ಲಿ 69,468 ತೆರಿಗೆ. ಗಡಿಯನ್ನು ಸ್ವಲ್ಪವೇ ದಾಟಿದವರಿಗೆ ಸಿಗುವ ಮಾರ್ಜಿನಲ್ ರಿಲೀಫ್ ಎಂಬ ರಿಯಾಯಿತಿ ಅದನ್ನು 12 ಲಕ್ಷ ಮೀರಿದ ಮೊತ್ತಕ್ಕೆ, ಅಂದರೆ 63,120ಕ್ಕೆ, ಇಳಿಸುತ್ತದೆ. ಶೇ 4 ಸೆಸ್ ಸೇರಿ 65,645. ಏರಿದ್ದಕ್ಕಿಂತ ಹೆಚ್ಚು ಹಣ ತೆರಿಗೆಗೆ ಹೋಯಿತು! ಒಟ್ಟು ಸಂಬಳ 12.75 ಲಕ್ಷ ದಾಟಿ ಸುಮಾರು 13.49 ಲಕ್ಷ ಮುಟ್ಟುವವರೆಗೆ ಏರಿಕೆ ಕೈಗೆ ಸಿಗುವುದಿಲ್ಲ.

ಇದಕ್ಕೊಂದು ದಾರಿ ಇದೆ. ಕಂಪನಿಯ ಕಡೆಯಿಂದ ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆಗೆ) ಕಟ್ಟುವ ಹಣಕ್ಕೆ, ಮೂಲ ವೇತನದ ಶೇ 14ರವರೆಗೆ, ಹೊಸ ಪದ್ಧತಿಯಲ್ಲೂ ವಿನಾಯಿತಿ ಸಿಗುತ್ತದೆ. 50,000 ಮೂಲ ವೇತನಕ್ಕೆ ವರ್ಷಕ್ಕೆ 84,000. ಏರಿದ ಮೊತ್ತವನ್ನು ಹಾಗೆ ತಿರುಗಿಸಿದರೆ ಆದಾಯ ಮತ್ತೆ 12 ಲಕ್ಷದೊಳಗೆ ಬರುತ್ತದೆ, ಮುಪ್ಪಿನ ಉಳಿತಾಯವೂ ಆಗುತ್ತದೆ. ಆದರೆ ನೀವೇ ನೇರವಾಗಿ ಎನ್‌ಪಿಎಸ್‌ಗೆ ಕಟ್ಟಿದರೆ ಹೊಸ ಪದ್ಧತಿಯಲ್ಲಿ ಈ ಲಾಭವಿಲ್ಲ, ಎಚ್‌ಆರ್ ಮೂಲಕ ಸಂಬಳದ ವಿಂಗಡಣೆಯಲ್ಲೇ ಸೇರಬೇಕು. ಏಪ್ರಿಲ್‌ಗೆ ಮುಂಚೆಯೇ ಕೇಳಿ. ಆ ಹಣ ಬಹುಕಾಲ ಕೈಗೆ ಸಿಗದು ಎಂಬುದೂ ನೆನಪಿರಲಿ, ಫೀಸಿಗೆ ಬೇಕಾದ ದುಡ್ಡನ್ನು ಅಲ್ಲಿಗೆ ಹಾಕಬೇಡಿ.

ಬೆಲೆ ಏರಿಕೆಯನ್ನೂ ಮನೆಯ ಲೆಕ್ಕದಲ್ಲೇ ನೋಡಬೇಕು. ರಿಸರ್ವ್ ಬ್ಯಾಂಕಿನ ಗುರಿ ಶೇ 4. ನಮ್ಮ ಮನೆಯೊಳಗೆ ಬರುವ ಸಾಮಾನು ಆ ಗುರಿಯನ್ನು ಕೇಳಿಕೊಂಡು ಏರುವುದಿಲ್ಲ. 2025ರಲ್ಲೇ ಜನವರಿಯಲ್ಲಿ ಬಿಎಂಟಿಸಿ ದರ ಶೇ 15 ಏರಿತು, ಆಗಸ್ಟ್‌ನಲ್ಲಿ ಆಟೊ ಕನಿಷ್ಠ ದರ 30ರಿಂದ 36 ಆಯಿತು. ನಂದಿನಿ ಹಾಲು ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ದಿನಕ್ಕೆ ಒಂದೂವರೆ ಲೀಟರ್ ತರಿಸುವ ಮನೆಗೆ ತಿಂಗಳಿಗೆ 180. ನಾನು ಬಾಡಿಗೆಗೆ ಶೇ 5 (ಹನ್ನೊಂದು ತಿಂಗಳ ಕರಾರಿನಲ್ಲಿ ಬರೆದೇ ಇರುತ್ತದೆ), ಶಾಲೆಗೆ 10, ಆರೋಗ್ಯ ವಿಮೆಗೆ 12, ಔಷಧಿಗೆ 8, ಅಡುಗೆ ಸಾಮಾನಿಗೆ 5, ಉಳಿದದ್ದಕ್ಕೆ 4 ಎಂದು ಹಾಕಿದೆ. 83,000ದ ಮೇಲೆ ಏರಿಕೆ ಸುಮಾರು 4,800, ಅಂದರೆ ಶೇ 5.8. ತಿಂಗಳಿಗೆ ಕೈಗೆ ಬರುವ ಸಂಬಳ ವರ್ಷಕ್ಕೆ ಈ 4,800ರಷ್ಟೂ ಏರದೆ ಸತತ ಮೂರು ವರ್ಷ ಕಳೆದರೆ ಮೊದಲು ಸವೆಯುವುದು ಉಳಿತಾಯದ 17,000. ಮನೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಡುಗೆಮನೆ ಎಂದಿನಂತೆ ನಡೆದಿರುತ್ತದೆ.

ವರ್ಷದ ಖರ್ಚಿನ 27,000ಕ್ಕೆ ಬೇರೆಯದೇ ಖಾತೆ ತೆರೆಯಬೇಕು, ಅದಕ್ಕೆ ಯುಪಿಐ ಜೋಡಿಸಬಾರದು. ಸಂಬಳ ಬಂದ ಮರುದಿನ ತಾನಾಗಿಯೇ ಹೋಗುವಂತೆ ಸೂಚನೆ ಕೊಟ್ಟಿರಿ. ಜುಲೈನಲ್ಲಿ ಶುರು ಮಾಡಿದರೆ ಮೊದಲ ಜೂನ್‌ಗೆ ಹಣ ಸಿದ್ಧವಾಗಿರುತ್ತದೆ. ಫೆಬ್ರುವರಿಯಲ್ಲಿ ಶುರು ಮಾಡಿದರೆ ಮೇ ಕೊನೆಗೆ 1,08,000 ಮಾತ್ರ ಕೂಡಿರುತ್ತದೆ, ಆ ವರ್ಷದ ಶಾಲೆಯ ಒಟ್ಟು ಖರ್ಚು 1,33,000ಕ್ಕೆ ಸಾಲದು, ಬೋನಸ್ಸನ್ನು ಅಲ್ಲಿಗೆ ಹಾಕಬೇಕು.

ಆಪತ್ತಿನ ನಿಧಿಗೆ ಆರು ತಿಂಗಳ ಪೂರ್ತಿ ಖರ್ಚು ಬೇಡ. ಕೆಲಸ ಹೋದ ತಿಂಗಳು ಹೋಟೆಲು, ಪ್ರವಾಸ ತಾವಾಗಿಯೇ ನಿಲ್ಲುತ್ತವೆ. ಬಾಡಿಗೆ, ಊಟ, ಔಷಧಿ, ಫೀಸು, ವಿಮೆ ನಿಲ್ಲುವುದಿಲ್ಲ. ಅವುಗಳ ಆರು ತಿಂಗಳ ಮೊತ್ತ ಸಾಕು. ಮಾಲೀಕರ ಹತ್ತಿರವಿರುವ ಅಡ್ವಾನ್ಸನ್ನು ಈ ನಿಧಿಯಲ್ಲಿ ಎಣಿಸಬೇಡಿ. ನೀರಿನ ಹಣ ಬಿಟ್ಟು ಹತ್ತು ತಿಂಗಳ ಬಾಡಿಗೆ ಎಂದರೆ 2,20,000, ದೊಡ್ಡ ಮೊತ್ತವೇ. ಆದರೆ ಮನೆ ಖಾಲಿ ಮಾಡುವ ದಿನ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಉಳಿದದ್ದು ಮುಂದಿನ ಮನೆಯ ಅಡ್ವಾನ್ಸಿಗೆ ಅಂದೇ ಹೋಗುತ್ತದೆ.