ಸೆಖೆಯ ಊರಿನಲ್ಲಿ ಮೈ, ಕೂದಲು, ಕಾಲು ನೋಡಿಕೊಳ್ಳುವುದು: ನನ್ನ ಅನುಭವ

ನಾನು ಉಡುಪಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮನೆ ಕಟಪಾಡಿ ಕಡೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಇಡೀ ದಿನ ನಿಂತುಕೊಂಡೇ ಕೆಲಸ. ಗಿರಾಕಿಗಳ ಎದುರು ಸೀರೆ ಬಿಡಿಸಿ ತೋರಿಸುವವರು ಅಚ್ಚುಕಟ್ಟಾಗಿ ಇರಲೇಬೇಕು. ತಿಂಗಳು ತಿಂಗಳು ಪಾರ್ಲರಿಗೆ ಹಾಕುವಷ್ಟು ಸಂಬಳ ಇಲ್ಲ, ಅಷ್ಟು ಹೊತ್ತೂ ಸಿಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಂದಿಷ್ಟು ನಿಮಿಷ, ರಾತ್ರಿ ಒಂದಿಷ್ಟು ನಿಮಿಷ, ಭಾನುವಾರ ಸ್ವಲ್ಪ ಜಾಸ್ತಿ ಹೊತ್ತು ಅಂತ ಇಟ್ಟುಕೊಂಡು ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳುತ್ತೇನೆ.

ಮೊಬೈಲಿನಲ್ಲಿ ಬರುವ ಸಲಹೆಗಳನ್ನು ನೋಡಿ. ಮುಖಕ್ಕೆ ಇದು ಹಚ್ಚಿ, ಅದರ ಮೇಲೆ ಅದು ಹಚ್ಚಿ, ರಾತ್ರಿಯಿಡೀ ಎಣ್ಣೆ ಬಿಡಿ. ಒಣಹವೆಯ ಊರಿನವರಿಗೆ ಅದು ಸರಿ ಇರಬಹುದು. ನಮ್ಮಲ್ಲಿ ಗಾಳಿಯಲ್ಲೇ ನೀರು. ಏಪ್ರಿಲ್, ಮೇ ಬಂದರೆ ಸೆಖೆ. ಜೂನಿನಿಂದ ಸೆಪ್ಟೆಂಬರ್ ತನಕ ಮಳೆ, ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು. ಬೆವರು ಹುಟ್ಟಿದಲ್ಲೇ ನಿಲ್ಲುತ್ತದೆ, ಆರುವುದೇ ಇಲ್ಲ. ಅದರ ಮೇಲೆ ದಪ್ಪ ಕ್ರೀಮು, ಎಣ್ಣೆ ಎಲ್ಲ ಕೂತರೆ ಗುಳ್ಳೆ, ತುರಿಕೆ, ವಾಸನೆ ಮೂರೂ ಬರುತ್ತವೆ. ಆದ್ದರಿಂದ ನನ್ನ ಕ್ರಮ ಹೀಗೆ: ಮೊದಲು ಒಣಗಿಸುವುದು, ಆಮೇಲೆ ಹಚ್ಚಿದ್ದನ್ನು ಸರಿಯಾಗಿ ತೊಳೆದು ತೆಗೆಯುವುದು, ಎಲ್ಲಕ್ಕಿಂತ ಕೊನೆಗೆ ಹಚ್ಚುವುದು, ಅದೂ ಚೂರೇ ಚೂರು.

ಒಣಗಿಸಲಿಕ್ಕೆ ಬೇಕಾದದ್ದು ಒಂದು ಬೈರಾಸು. ತೆಳುವಾದ, ಚೌಕುಳಿಯ ಹತ್ತಿ ಬೈರಾಸು ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುತ್ತದೆ. ದಪ್ಪ ಟರ್ಕಿ ಟವೆಲ್ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಅದೇ ಟವೆಲಿನಲ್ಲಿ ಮುಖ ಒರೆಸಿದರೆ ತೊಳೆದು ಏನು ಬಂತು? ಬೈರಾಸು ಫ್ಯಾನಿನ ಗಾಳಿಗೇ ಒಣಗುತ್ತದೆ. ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಎರಡೆರಡು, ಒಂದು ಮೈಗೆ, ಒಂದು ತಲೆಗೆ. ಮುಖಕ್ಕೆ ಹಳೆ ಮಲ್ಲು ಪಂಚೆಯ ತುಂಡುಗಳು. ದಿನಾ ಒಗೆಯಲಿಕ್ಕೆ ಹಗುರ, ಖರ್ಚು ಸೊನ್ನೆ. ಕಂಕುಳು, ಎದೆಯ ಕೆಳಗೆ, ತೊಡೆಯ ಸಂದು, ಕಾಲ್ಬೆರಳ ನಡುವೆ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಎರಡು ನಿಮಿಷ ನಿಂತು, ಆಮೇಲೆ ಬಟ್ಟೆ. ಈ ಎರಡು ನಿಮಿಷವನ್ನು ನಾನು ಯಾವ ಅವಸರದಲ್ಲೂ ಬಿಡುವುದಿಲ್ಲ. ನನಗೆ ಪ್ರತಿ ಮಳೆಗಾಲ ಬರುತ್ತಿದ್ದ ತೊಡೆಸಂದಿನ ತುರಿಕೆ ಕಡಿಮೆಯಾದದ್ದು ಇದರಿಂದಲೇ.

ಕೂದಲಿನ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿ. ತೆಂಗಿನೆಣ್ಣೆಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದು ಕೂದಲಿನ ಒಳಕ್ಕೆ ಇಳಿಯುತ್ತದೆ. ತಲೆ ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಕಡಿಮೆ ಮಾಡುತ್ತದೆ. ಅಂದರೆ ತೊಳೆಯುವ ಮೊದಲು ಹಚ್ಚಿದರೆ ಲಾಭ. ಹಚ್ಚಿ, ಜಡೆ ಹೆಣೆದು, ಹಾಗೇ ಕೆಲಸಕ್ಕೆ ಹೋದರೆ ಬಸ್ಸಿನ ಧೂಳೆಲ್ಲ ತಲೆಯಲ್ಲಿ. ನಾನು ಸ್ನಾನಕ್ಕೆ ಅರ್ಧ ಗಂಟೆ ಮೊದಲು, ಕೂದಲಿನ ನಡುವಿನಿಂದ ತುದಿಯ ತನಕ ಹಚ್ಚುತ್ತೇನೆ. ಬುಡಕ್ಕೆ ಬೆರಳ ತುದಿಯಲ್ಲಿ ಉಳಿದಷ್ಟು ಸಾಕು.

ಹೊಟ್ಟು ಇದ್ದವರು ಒಂದು ಸಂಗತಿ ನೆನಪಿಡಬೇಕು. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರ ಬದುಕುವುದೇ ಎಣ್ಣೆಯ ಅಂಶ ತಿಂದು. ರಾತ್ರಿಯಿಡೀ ಎಣ್ಣೆ ಬಿಟ್ಟರೆ ಅದಕ್ಕೇ ಊಟ ಹಾಕಿದ ಹಾಗೆ. ನನ್ನ ತಂಗಿಗೆ ಹೊಟ್ಟು ವಿಪರೀತ ಇತ್ತು. ಬುಡಕ್ಕೆ ಎಣ್ಣೆ ನಿಲ್ಲಿಸಿ, ವೈದ್ಯರು ಬರೆದುಕೊಟ್ಟ 2 ಶೇಕಡಾ ಕೀಟೋಕೊನಜೋಲ್ ಶಾಂಪೂ ಬಳಸಿದಳು. ವಾರಕ್ಕೆ ಎರಡು ಸಲ, ನೊರೆ ಮಾಡಿ ಐದು ನಿಮಿಷ ಬಿಟ್ಟು ತೊಳೆಯುವುದು. ಹಚ್ಚಿದ ತಕ್ಷಣ ತೊಳೆದರೆ ಔಷಧಿಗೆ ಕೆಲಸ ಮಾಡಲಿಕ್ಕೆ ಹೊತ್ತೇ ಸಿಗುವುದಿಲ್ಲ.

ಇನ್ನು ಗೊಂಪು, ಅಂದರೆ ದಾಸವಾಳದ ಸೊಪ್ಪಿನ ಲೋಳೆ. ದಾಸವಾಳದ ಗಿಡ ಇಲ್ಲದ ಹಿತ್ತಲು ನಮ್ಮಲ್ಲಿ ಕಡಿಮೆ, ಅಲ್ವಾ? ಎರಡು ಮುಷ್ಟಿ ಸೊಪ್ಪು ಕೊಯ್ದು, ತೊಳೆದು, ಬೋಗುಣಿಯಲ್ಲಿ ನೀರು ಹಾಕಿ ಕೈಯಲ್ಲೇ ಕಿವುಚಬೇಕು. ಐದು ನಿಮಿಷದಲ್ಲಿ ನೀರು ಲೋಳೆಯಾಗುತ್ತದೆ. ಮಿಕ್ಸಿಗೆ ಹಾಕುವುದು ಬೇಡ. ಎಲೆ ಪುಡಿಪುಡಿಯಾಗಿ ಕೂದಲಲ್ಲಿ ಸಿಕ್ಕಿಕೊಂಡರೆ ತೆಗೆಯುವಷ್ಟರಲ್ಲಿ ಭಾನುವಾರ ಮುಗಿಯುತ್ತದೆ. ಬಟ್ಟೆಯಲ್ಲಿ ಸೋಸಿ. ಮೊದಲು ಸೀಗೆಪುಡಿ ಅಥವಾ ಚೂರು ಶಾಂಪೂವಿನಲ್ಲಿ ಎಣ್ಣೆ ಜಿಡ್ಡು ತೆಗೆದು, ಆಮೇಲೆ ಈ ಲೋಳೆಯನ್ನು ಕೂದಲ ಉದ್ದಕ್ಕೆ ಹಚ್ಚಿ, ಬೆರಳಲ್ಲೇ ಸಿಕ್ಕು ಬಿಡಿಸಿ, ತೊಳೆಯಿರಿ. ಲೋಳೆ ಕೂದಲಿನ ಮೇಲೆ ತೆಳುವಾಗಿ ಕೂತು ಜಾರುವಂತೆ ಮಾಡುತ್ತದೆ, ಬಾಚಣಿಗೆಗೆ ಸಿಕ್ಕಿ ಕಿತ್ತು ಬರುವ ಕೂದಲು ಕಡಿಮೆಯಾಗುತ್ತದೆ. ಅಂಗಡಿಯ ಕಂಡೀಷನರ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಹೊಸ ಕೂದಲು ಬರುತ್ತದೆ ಅಂತ ನಾನು ಹೇಳುವುದಿಲ್ಲ, ನನ್ನಲ್ಲಿ ಹಾಗೇನೂ ಆಗಿಲ್ಲ. ಇರುವ ಕೂದಲು ತುಂಡಾಗದೆ ಉಳಿದಿದೆ, ಅಷ್ಟೇ ದೊಡ್ಡ ವಿಷಯ. ಗೊಂಪನ್ನು ಆಯಾ ದಿನವೇ ಮುಗಿಸಬೇಕು. ನಮ್ಮ ಸೆಖೆಗೆ ಮರುದಿನಕ್ಕೆ ಹುಳಿ ಬರುತ್ತದೆ.

ಕುಚ್ಚಲಕ್ಕಿ ಗಂಜಿಯ ತಿಳಿಯನ್ನೂ ಬಳಸುತ್ತೇನೆ, ಆದರೆ ಡಿಸೆಂಬರಿನಿಂದ ಫೆಬ್ರವರಿ ತನಕ ಮಾತ್ರ. ಉಪ್ಪು ಹಾಕುವ ಮೊದಲೇ ತೆಗೆದಿಟ್ಟು, ತಣಿದ ಮೇಲೆ ನೀರು ಬೆರೆಸಿ, ತಲೆ ತೊಳೆದಾದ ಮೇಲೆ ಹಾಕಿ, ಐದು ನಿಮಿಷ ಬಿಟ್ಟು ಪೂರ್ತಿ ತೊಳೆಯುವುದು. ಹತ್ತಿ ಸೀರೆಗೆ ಗಂಜಿ ಹಾಕಿದರೆ ನಿಲುವು ಬರುತ್ತದಲ್ಲ, ಕೂದಲಿಗೂ ಹಾಗೇ ಒಂದು ಮೈ ಬರುತ್ತದೆ. ಅಕ್ಕಿ ನೀರನ್ನು ದಿನಗಟ್ಟಲೆ ಹುಳಿಸಿ ಹಚ್ಚುವುದು ಈಗ ಜಾಸ್ತಿಯಾಗಿದೆ. ಈ ಹವೆಯಲ್ಲಿ ಅದರಲ್ಲಿ ಏನೇನು ಬೆಳೆಯುತ್ತದೋ ಯಾರಿಗೆ ಗೊತ್ತು. ನಾನು ಮಾಡುವುದಿಲ್ಲ.

ಕೂದಲಿನಲ್ಲಿ ನಾನು ಎಲ್ಲರಿಗೂ ಕೈಮುಗಿದು ಹೇಳುವ ಒಂದು ಮಾತಿದೆ. ಒದ್ದೆ ಕೂದಲು ಕಟ್ಟಬೇಡಿ. ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿ, ಒದ್ದೆಯಲ್ಲೇ ಗಂಟು ಕಟ್ಟಿ, ಮೇಲೆ ಮಲ್ಲಿಗೆ ಮುಡಿದು ಹೊರಡುವವರನ್ನು ಬಸ್ಸಿನಲ್ಲಿ ನೋಡುತ್ತಲೇ ಇರುತ್ತೇನೆ. ಒಳಗೆ ನೀರು ಆರದೆ ಬುಡ ಬೇಯುತ್ತದೆ, ತುರಿಸುತ್ತದೆ. ಹೀಗೆ ಕಟ್ಟಿದ ಕೂದಲಿನ ಮೇಲೆ ಬಿಳಿ ಬಿಳಿ ಸಣ್ಣ ಗಂಟು ಕಟ್ಟುವ ಶಿಲೀಂಧ್ರವೂ ಒಂದಿದೆ. ಹೇನಿನ ಮೊಟ್ಟೆ ಅಂತಲೇ ತಿಳಿದು ಬಾಚುತ್ತಾ ಇರುತ್ತಾರೆ. ನಾನು ತಲೆಸ್ನಾನವನ್ನು ಕೆಲಸಕ್ಕೆ ಹೋಗುವ ದಿನದ ಬೆಳಿಗ್ಗೆಯಿಂದ ತೆಗೆದುಬಿಟ್ಟೆ. ವಾರದ ನಡುವೆ ಬೇಕಾದರೆ ಸಂಜೆ ಬಂದ ಕೂಡಲೇ. ಮಲಗುವ ಹೊತ್ತಿಗೆ ಬುಡ ಒಣಗಿರುತ್ತದೆ. ಶಂಕರಪುರದ ಮಲ್ಲಿಗೆ ನಮ್ಮ ಪಕ್ಕದ್ದೇ, ಮುಡಿಯದೆ ಇರಲಿಕ್ಕೆ ಆಗುತ್ತದಾ? ಒಣಗಿದ ಕೂದಲಿಗೆ ಮುಡಿದರೆ ಹೂವೂ ಸಂಜೆ ತನಕ ಬಾಡದೆ ಚಂದ ಇರುತ್ತದೆ.

ಮುಖಕ್ಕೆ ನಾನು ಮಾಡುವುದು ಬಹಳ ಕಡಿಮೆ. ಬೆಳಿಗ್ಗೆ ಬರೀ ನೀರು. ಸಂಜೆ ಮನೆಗೆ ಬಂದ ತಕ್ಷಣ ಮೆದುವಾದ ಫೇಸ್‌ವಾಶ್, ಕಾಳಿನಷ್ಟು. ಮೈಸೋಪನ್ನು ಮುಖಕ್ಕೆ ತಿಕ್ಕುವುದಿಲ್ಲ. ಚರ್ಮದ ಪಿಎಚ್ (ಹುಳಿ, ಕ್ಷಾರದ ಅಳತೆ) ಸುಮಾರು 5, ಸಾಮಾನ್ಯ ಸೋಪಿನದು 9ರಿಂದ 10. ಅದಕ್ಕೇ ತೊಳೆದ ಮೇಲೆ ಮುಖ ಬಿಗಿಯುವುದು. ವಾರಕ್ಕೊಮ್ಮೆ ಹೆಸರುಹಿಟ್ಟು, ಮೊಸರು ಕಲಸಿ ಹಚ್ಚಿ, ಪೂರ್ತಿ ಒಣಗುವ ಮೊದಲೇ ತೊಳೆಯುತ್ತೇನೆ. ಕಡಲೆಹಿಟ್ಟಿಗಿಂತ ಇದು ನುಣ್ಣಗೆ, ಚರ್ಮ ಗೀರುವುದಿಲ್ಲ. ಹೊಸದೇನನ್ನೇ ಆದರೂ ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ನೋಡಿ, ಆಮೇಲೆ ಮುಖಕ್ಕೆ.

ಲಿಂಬೆಹಣ್ಣನ್ನು ಮುಖಕ್ಕೆ ತರಲೇಬೇಡಿ. ಅದರ ಪಿಎಚ್ ಎರಡರ ಆಸುಪಾಸು, ಚರ್ಮ ಉರಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬಿಸಿಲು. ಲಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಎದ್ದು ಕಪ್ಪು ಕಲೆ ಉಳಿಯುತ್ತದೆ, ತಿಂಗಳುಗಟ್ಟಲೆ. ಬೆಳ್ಳಗಾಗಬೇಕು ಅಂತ ಹಚ್ಚಿಕೊಂಡ ಹುಡುಗಿಯರು ಆಮೇಲೆ ಪಡುವ ಸಂಕಟ ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಬಣ್ಣಕ್ಕೆ ಏನು ಕೊರತೆ ಹೇಳಿ?

ಸ್ಟಿಕ್ಕರ್ ಬೊಟ್ಟಿನ ಬಗ್ಗೆಯೂ ಹೇಳಬೇಕು. ಕೆಲವು ಬೊಟ್ಟಿನ ಅಂಟಿನಲ್ಲಿರುವ ರಾಸಾಯನಿಕಕ್ಕೆ ಹಣೆಯ ಬಣ್ಣ ಹೋಗಿ ಬಿಳಿ ಮಚ್ಚೆ ಬರುವುದುಂಟು. ರಾತ್ರಿ ತೆಗೆದು, ಹಣೆ ತೊಳೆದು ಮಲಗುತ್ತೇನೆ. ತುರಿಕೆ ಶುರುವಾದರೆ ಆ ಬೊಟ್ಟು ಅವತ್ತಿಗೇ ಬಂದ್.

ಬಿಸಿಲಿಗೆ ನನ್ನ ಮೊದಲ ಉಪಾಯ ಕೊಡೆ. ಮಳೆಗೆ ಹೇಗೂ ಚೀಲದಲ್ಲಿ ಇರುತ್ತದೆ, ಬಿಸಿಲಿಗೂ ಬಿಡಿಸುತ್ತೇನೆ. ಉಡುಪಿಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ನೇರಕ್ಕೆ ಬರುತ್ತಾನೆ, ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ. ಆಗಸ್ಟಿನಲ್ಲಿ ಮೋಡ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಆದರೆ ತೆಳು ಮೋಡವನ್ನು ನೇರಳಾತೀತ ಕಿರಣ ದಾಟುತ್ತದೆ. ಮಳೆ ಬಿಟ್ಟಾಗ ಬರುವ ಆ ಚುರುಕು ಬಿಸಿಲಿಗೆ ಕೆನ್ನೆ ಕಪ್ಪಾಗುವುದು ಇದಕ್ಕೇ. ರಜೆಯಲ್ಲಿ ಮಲ್ಪೆಗೋ ಕಾಪುವಿಗೋ ಹೋದರೆ ಸನ್‌ಸ್ಕ್ರೀನ್ ಹಾಕುತ್ತೇನೆ. ಡಬ್ಬಿಯ ಮೇಲೆ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಇದ್ದರೆ ಸುಡುವ ಕಿರಣದ ಸುಮಾರು 97 ಶೇಕಡಾ ತಡೆಯುತ್ತದೆ, ಅದಕ್ಕಿಂತ ದುಬಾರಿಯದ್ದು ಬೇಡ. ಮುಖ, ಕುತ್ತಿಗೆಗೆ ಸೇರಿ ಎರಡು ಬೆರಳಿನ ಉದ್ದದಷ್ಟು ಬೇಕು. ಬೆವರಿದರೆ, ನೀರಿಗಿಳಿದರೆ ಮತ್ತೆ ಹಾಕಬೇಕು.

ಕಂಕುಳಿಗೆ ಪಟಿಕಾರದ ಕಲ್ಲು. ಗಂಧಿಗೆ ಅಂಗಡಿಯಲ್ಲಿ ತೀರಾ ಕಡಿಮೆಗೆ ಸಿಗುತ್ತದೆ. ಸ್ನಾನವಾದ ಮೇಲೆ ಒದ್ದೆ ಮಾಡಿ ನಾಲ್ಕು ಸಲ ಉಜ್ಜಿ, ಆರಲು ಬಿಟ್ಟರೆ ಆಯಿತು. ಬೆವರನ್ನು ವಾಸನೆ ಮಾಡುವ ಬ್ಯಾಕ್ಟೀರಿಯಾ ಬೆಳೆಯಲಿಕ್ಕೆ ಬಿಡುವುದಿಲ್ಲ. ನನ್ನ ಕಲ್ಲು ಸವೆಯುವ ಲಕ್ಷಣವೇ ಕಾಣುತ್ತಿಲ್ಲ. ಕೂದಲು ತೆಗೆದ ದಿನ, ಗಾಯ ಇದ್ದ ದಿನ ಮಾತ್ರ ಬೇಡ, ಉರಿಯುತ್ತದೆ.

ಇನ್ನು ಕಾಲು. ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನ ಕೆಸರು ತುಳಿದು, ಒದ್ದೆ ಚಪ್ಪಲಿಯಲ್ಲೇ ಸಂಜೆ ತನಕ ನಿಂತರೆ ಬೆರಳ ಸಂದು ಬಿಳಿಚಿ, ಬಿರಿದು, ತುರಿಸುತ್ತದೆ. ಅಂಗಡಿಗೆ ಹೋದ ಕೂಡಲೇ ಕಾಲು ತೊಳೆದು, ಹಳೆ ಪಂಚೆ ತುಂಡಿನಿಂದ ಒಂದೊಂದೇ ಬೆರಳಿನ ನಡುವೆ ಒರೆಸಿ, ಅಲ್ಲೇ ಇಟ್ಟಿರುವ ಒಣ ಚಪ್ಪಲಿ ಹಾಕುತ್ತೇನೆ. ಒದ್ದೆ ಚಪ್ಪಲಿಯ ಮೇಲೆ ಹಳೆ ಪೇಪರ್ ಸುತ್ತಿ ಗೋಡೆಗೆ ಒರಗಿಸಿಟ್ಟರೆ ಸಂಜೆಗೆ ನೀರು ಹೀರಿರುತ್ತದೆ. ಈಗ ನಮ್ಮ ಕೌಂಟರಿನ ಹುಡುಗಿಯರೆಲ್ಲ ಹೀಗೇ ಮಾಡುತ್ತಾರೆ.

ಹೀಗೆ ಮಾಡಿಯೂ ತುರಿಕೆ ಬಂದರೆ, ಉಂಗುರದ ಹಾಗೆ ಹರಡಿದರೆ, ಮನೆಮದ್ದು ನಿಲ್ಲಿಸಿ ಚರ್ಮದ ವೈದ್ಯರ ಹತ್ತಿರ ಹೋಗಿ. ಮೆಡಿಕಲ್‌ನಲ್ಲಿ ಕೇಳಿ ತರುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ತುರಿಕೆ ನಿಂತಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಹರಡುತ್ತಾ ಹೋಗುತ್ತದೆ, ಚರ್ಮ ತೆಳ್ಳಗಾಗುತ್ತದೆ. ಆಮೇಲೆ ಗುಣವಾಗಲಿಕ್ಕೆ ತಿಂಗಳುಗಳೇ ಬೇಕು. ಮನೆಯ ಒಬ್ಬರಿಗೆ ಬಂದರೆ ಬೈರಾಸು, ಒಳಬಟ್ಟೆ ಬೇರೆ ಇಡಿ. ಬಿಸಿನೀರಲ್ಲಿ ಒಗೆದು ಸಾಧ್ಯವಾದರೆ ಇಸ್ತ್ರಿ ಮಾಡಿ.

ಒಡೆದ ಹಿಮ್ಮಡಿಗೆ ನಮ್ಮಲ್ಲಿ ಪುನರ್ಪುಳಿ ತುಪ್ಪ ಇದೆ, ಅಂದರೆ ಪುನರ್ಪುಳಿ (ಕೋಕಂ) ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ಎಣ್ಣೆ. ಎಲ್ಲ ಆರೈಕೆಗಳಲ್ಲಿ ನನಗೆ ಹೆಚ್ಚು ಪ್ರೀತಿ ಇದರ ಮೇಲೆ. ತೆಂಗಿನೆಣ್ಣೆ 24 ಡಿಗ್ರಿ ದಾಟಿದರೆ ಕರಗಿ ನೀರಾಗಿಬಿಡುತ್ತದೆ, ಹಿಮ್ಮಡಿಯಲ್ಲಿ ನಿಲ್ಲುವುದಿಲ್ಲ. ಪುನರ್ಪುಳಿ ತುಪ್ಪ ಕರಗಲಿಕ್ಕೆ 40 ಡಿಗ್ರಿ ಹತ್ತಿರ ಬೇಕು. ನಮ್ಮ ಸೆಖೆಯಲ್ಲೂ ಗಟ್ಟಿಯಾಗೇ ಇದ್ದು, ಬಿರುಕಿನೊಳಗೆ ಕೂರುತ್ತದೆ. ರಾತ್ರಿ ಕಾಲು ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟು, ಒರಟು ಕಲ್ಲಿನಲ್ಲಿ ಮೆಲ್ಲ ಉಜ್ಜಿ, ಒರೆಸಿ, ಚಮಚದಲ್ಲಿ ಕರಗಿಸಿದ ತುಪ್ಪವನ್ನು ಬೆಚ್ಚಗಿರುವಾಗಲೇ ಬಿರುಕಿಗೆ ತುಂಬಿ, ಹತ್ತಿಯ ಸಾಕ್ಸ್ ಹಾಕಿ ಮಲಗುವುದು. ಬೆರಳ ಸಂದಿಗೆ ಹಚ್ಚಬಾರದು, ಅಲ್ಲಿ ಒಣಗಿಯೇ ಇರಬೇಕು.

ಈ ತುಪ್ಪ ಮಾಡುವುದು ಕಷ್ಟವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪುನರ್ಪುಳಿ ಸಿಪ್ಪೆಯನ್ನು ಸಾರಿಗೆ, ಶರಬತ್ತಿಗೆ ತೆಗೆದು ಬೀಜವನ್ನು ತೆಂಗಿನ ಬುಡಕ್ಕೆ ಎಸೆಯುತ್ತೇವೆ. ಆ ಬೀಜವನ್ನು ತೊಳೆದು ಬಿಸಿಲಲ್ಲಿ ಗರಿಗರಿ ಒಣಗಿಸಿ, ಮೇಲಿನ ಸಿಪ್ಪೆ ಜಜ್ಜಿ ತೆಗೆದು, ಒಳಗಿನ ತಿರುಳನ್ನು ಪುಡಿ ಮಾಡಿ, ನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ನೀರಿನ ಮೇಲೆ ಬಿಳಿ ಕೆನೆ ಗಟ್ಟಿಯಾಗಿ ನಿಂತಿರುತ್ತದೆ. ತೆಗೆದು ಇನ್ನೊಮ್ಮೆ ಕಾಯಿಸಿ ನೀರಿನಂಶ ಹೋಗಲಾಡಿಸಿ, ಸೋಸಿ, ಉಂಡೆ ಕಟ್ಟಿ ಡಬ್ಬಿಯಲ್ಲಿಟ್ಟರೆ ವರ್ಷವಿಡೀ ಬಾಳಿಕೆ. ಮಳೆ ಶುರುವಾಗುವ ಮೊದಲೇ ಬೀಜ ಒಣಗಿಸಿ ಮುಗಿಸಿ. ಒಂದು ಜಡಿಮಳೆ ಬಂದರೂ ಬೂಸಲು ಹಿಡಿಯುತ್ತದೆ. ಮರ ಇಲ್ಲದವರು ಪಕ್ಕದ ಮನೆಯಲ್ಲಿ ಕೇಳಿ. ಬೀಜ ಬೇಡ ಅನ್ನುವವರು ಯಾರೂ ಇಲ್ಲ, ಸುಮ್ನೆ ಕೊಡುತ್ತಾರೆ.