ಜರ್ಮನಿಯಲ್ಲಿ ಮ್ಯಾನೇಜ್‌ಮೆಂಟ್ ಓದಲು ಹೊರಟಿದ್ದೀರಾ? ಬ್ಯಾಕ್‌ಲಾಗ್ ಲೆಕ್ಕ ಊರಲ್ಲೇ ಬಿಟ್ಟು ಬನ್ನಿ

ನಮ್ಮ ಓದಿನ ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್, ಖರ್ಚಿನ ದುಡ್ಡು ಮೊದಲೇ ಇಟ್ಟು ತಿಂಗಳಿಗಿಷ್ಟು ಎಂದು ತೆಗೆಯುವ ಬ್ಲಾಕ್ಡ್ ಅಕೌಂಟ್, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬಗ್ಗೆ ನಾನು ಬರೆಯುವುದಿಲ್ಲ. ಹಾಸನ, ಚಿಕ್ಕಮಗಳೂರಿನ ಯಾವ ಕನ್ಸಲ್ಟೆನ್ಸಿಗೆ ಹೋದರೂ ಅದನ್ನು ಹೇಳಿಕೊಡುತ್ತಾರೆ. ಇನ್ನೊವೇಶನ್ ಮ್ಯಾನೇಜ್‌ಮೆಂಟ್, ಟೆಕ್ನಾಲಜಿ ಮ್ಯಾನೇಜ್‌ಮೆಂಟ್ ಓದಲು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಎಡವುವುದು ಇಲ್ಲಿಗೆ ಬಂದು ಮೂರ್ನಾಲ್ಕು ತಿಂಗಳಾದ ಮೇಲೆ, ಪರೀಕ್ಷೆ ಹತ್ತಿರ ಬಂದಾಗ. ಫೇಲಾದ ಪೇಪರ್ ಮುಂದೆ ಯಾವಾಗಲಾದರೂ ಬರೆದರಾಯಿತು ಎಂಬ ನಮ್ಮ ಬ್ಯಾಕ್‌ಲಾಗ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬುದ್ಧಿವಂತರೇ ಎಡವುತ್ತಾರೆ. ನನ್ನ ಬ್ಯಾಚ್‌ನಲ್ಲೂ ಎಡವಿದರು, ಈಗಿನವರೂ ಅದೇ ಜಾಗದಲ್ಲಿ ಎಡವುತ್ತಿದ್ದಾರೆ.

ಮೊದಲು ಕೋರ್ಸ್ ಬಗ್ಗೆ ಎರಡು ಮಾತು. ಹೆಸರು ಒಂದೇ ಥರ ಇದ್ದರೂ ಒಳಗೆ ಬೇರೆ ಬೇರೆ. ಎಂಎಸ್‌ಸಿ ಎಂದರೆ ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹಳ ಕಡೆ ಓದಿಗೆ ಫೀಸ್ ಇಲ್ಲ, ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ಕಟ್ಟಿದರೆ ಸಾಕು. ಆದರೆ ಬಾಡೆನ್ ವುರ್ಟೆಂಬೆರ್ಗ್ ರಾಜ್ಯ 2017ರಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ತಂದಿತು. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಮಾಸ್ಟರ್ಸ್ ಸೇರುವ ಹೊರದೇಶದವರಿಗೆ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೋ ಇಟ್ಟಿದೆ. ಎಂಬಿಎ ಲೆಕ್ಕವೇ ಬೇರೆ. ಅದಕ್ಕೆ ಸರ್ಕಾರಿ ಯೂನಿವರ್ಸಿಟಿಯಲ್ಲೂ ದುಡ್ಡು ಕೊಡಬೇಕು, ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರೆ.

ಬಿಇ ಮಾಡಿದವರು ಇನ್ನೊಂದು ನೋಡಿಕೊಳ್ಳಬೇಕು. ಎಷ್ಟೋ ಕೋರ್ಸ್‌ಗಳು ಬಿಸಿನೆಸ್ ಓದಿದವರಿಗೆಂದೇ ಇರುತ್ತವೆ. ಅಲ್ಲಿ ನಿಮ್ಮ ಮಾರ್ಕ್ಸ್ ಕಾರ್ಡ್ ತೆಗೆದು ಎಕನಾಮಿಕ್ಸ್, ಅಕೌಂಟಿಂಗ್ ಕ್ರೆಡಿಟ್ ಎಷ್ಟಿದೆ ಎಂದು ಎಣಿಸುತ್ತಾರೆ. ವಿಟಿಯುನಲ್ಲಿ ಮ್ಯಾನೇಜ್‌ಮೆಂಟ್ ಅಂಡ್ ಆಂತ್ರಪ್ರನರ್‌ಶಿಪ್ ಎಂಬ ಒಂದು ಪೇಪರ್ ಬರೆದದ್ದು ಅದಕ್ಕೆ ಸಾಲುವುದಿಲ್ಲ. ಎಂಜಿನಿಯರ್‌ಗಳನ್ನು ತೆಗೆದುಕೊಳ್ಳುತ್ತೇವೆ ಎಂದು ಸ್ಪಷ್ಟವಾಗಿ ಬರೆದಿರುವ ಕೋರ್ಸ್‌ಗೇ ಅರ್ಜಿ ಹಾಕಿ.

ಪಾಠ ಚೆನ್ನಾಗಿರುತ್ತದೆ. ಸೆಮಿನಾರ್ ಪೇಪರ್ ಬರೆಯಿರಿ ಎಂದಾಗ ಮಾತ್ರ ನಮ್ಮವರೆಲ್ಲ ಟೆಸ್ಲಾ, ಆಪಲ್ ಹಿಡಿದುಕೊಳ್ಳುತ್ತಾರೆ. ಅದನ್ನು ಪ್ರೊಫೆಸರ್ ನೂರು ಸಲ ಓದಿರುತ್ತಾರೆ. ಹೊಸದೊಂದು ಜನರ ನಡುವೆ ಹೇಗೆ ಹರಡುತ್ತದೆ ಎಂಬ ಪಾಠಕ್ಕೆ ಬುಡ ಹಾಕಿದ್ದೇ ಹೊಲದ ಅಧ್ಯಯನ. ಅಮೆರಿಕದ ಅಯೋವಾದಲ್ಲಿ ರೈತರು ಹೈಬ್ರಿಡ್ ಮೆಕ್ಕೆಜೋಳಕ್ಕೆ ಹೇಗೆ ಬಂದರು ಎಂದು 1943ರಲ್ಲಿ ಪ್ರಕಟವಾದದ್ದು ಅದು. ನಮ್ಮ ಹಾಸನದಲ್ಲೇ ಆಲೂಗಡ್ಡೆಗೆ ಅಂಗಮಾರಿ ಬಂದು ಎಷ್ಟು ಜನ ಮೆಕ್ಕೆಜೋಳಕ್ಕೆ ಹೋಗಲಿಲ್ಲ? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಅಲ್ಲಿಂದ 2007ರಲ್ಲಿ ಚಂದ್ರಗಿರಿ ತಳಿ ಹೊರಬಂದಾಗ ಯಾರು ತಕ್ಷಣ ಹಾಕಿದರು, ಯಾರು ಪಕ್ಕದ ತೋಟ ನೋಡಿ ಹಾಕಿದರು, ಯಾರು ಕಾಂಡಕೊರಕದ ಕಾಟಕ್ಕೆ ಅರೇಬಿಕಾನೇ ಬಿಟ್ಟು ರೋಬಸ್ಟಾಗೆ ಹೋದರು? ನಿಮ್ಮ ಅಪ್ಪನಿಗೆ ಫೋನ್ ಮಾಡಿದರೆ ಅರ್ಧ ಪೇಪರ್ ಸಿಗುತ್ತದೆ. ಇಂಥದ್ದನ್ನು ಬರೆಯಿರಿ.

ಈಗ ಪರೀಕ್ಷೆ.

ನಮ್ಮಲ್ಲಿ ಅಟೆಂಡೆನ್ಸ್ ಇದ್ದು, ಪರೀಕ್ಷೆ ಫೀಸ್ ಕಟ್ಟಿದರೆ ಹಾಲ್ ಟಿಕೆಟ್ ಬರುತ್ತದೆ. ತಪ್ಪಿಹೋಗುವಂತಿದ್ದರೆ ಕಾಲೇಜಿನವರೇ ಕರೆದು ನೆನಪಿಸುತ್ತಾರೆ. ಜರ್ಮನಿಯಲ್ಲಿ ಕ್ಲಾಸಿಗೆ ಸೇರುವುದು ಬೇರೆ, ಪರೀಕ್ಷೆಗೆ ಹೆಸರು ಕೊಡುವುದು ಬೇರೆ. ಒಂದೊಂದು ಪೇಪರ್‌ಗೂ ನೀವೇ ಪೋರ್ಟಲ್‌ಗೆ ಹೋಗಿ ನೋಂದಾಯಿಸಬೇಕು. ಅದು ಕೆಲವು ವಾರ ಮಾತ್ರ ತೆರೆದಿರುತ್ತದೆ. ಕೊನೆ ದಿನ ದಾಟಿದರೆ ಆ ಸಲ ಪರೀಕ್ಷೆ ಇಲ್ಲ. ಪ್ರೊಫೆಸರ್ ಹತ್ತಿರ ಹೋಗಿ ಕೇಳಿಕೊಂಡರೆ ಅವರು ಪರೀಕ್ಷಾ ಕಚೇರಿ ಕಡೆ ಕೈ ತೋರಿಸುತ್ತಾರೆ, ಕಚೇರಿಯವರು ನಿಯಮ ತೋರಿಸುತ್ತಾರೆ. ಒಂದು ಸೆಮಿಸ್ಟರ್ ಹೋಯಿತು.

ಇದಕ್ಕಿಂತ ದೊಡ್ಡ ಗುಂಡಿ ಮುಂದಿದೆ. ಹೆಸರು ಕೊಟ್ಟು, ಓದಿಲ್ಲ ಎಂದು ಪರೀಕ್ಷೆಗೆ ಹೋಗದೆ ಕೂತರೆ ಬಹಳ ಕಡೆ 5.0 ಬೀಳುತ್ತದೆ. ಇಲ್ಲಿ 1.0 ಅತ್ಯುತ್ತಮ, 4.0 ಪಾಸ್, 5.0 ಎಂದರೆ ಫೇಲ್. ಒಂದು ಅವಕಾಶ ಖರ್ಚಾಯಿತು ಎಂದು ಬರೆದುಕೊಳ್ಳುತ್ತಾರೆ. ಹೆಸರು ವಾಪಸ್ ತೆಗೆಯಲೂ ಒಂದು ಕೊನೆ ದಿನ ಇರುತ್ತದೆ. ಜ್ವರ ಬಂದರೆ ಅಂದೇ ಡಾಕ್ಟರ್ ಹತ್ತಿರ ಹೋಗಿ ಸರ್ಟಿಫಿಕೇಟ್ ತಂದು ಬೇಗ ಕಚೇರಿಗೆ ಕೊಡಬೇಕು. ಕೆಲಸಕ್ಕೆ ರಜೆ ಹಾಕಲು ಕೊಡುವ ಚೀಟಿ ಕೆಲವು ಕಡೆ ನಡೆಯುವುದಿಲ್ಲ, ಯೂನಿವರ್ಸಿಟಿಯದ್ದೇ ಫಾರ್ಮ್ ಬೇಕು.

ಒಂದು ಪೇಪರ್‌ಗೆ ಎಷ್ಟು ಅವಕಾಶ? ಬಹಳ ಕಡೆ ಮೂರು. ಕೆಲವು ಕಡೆ ಎರಡೇ. ಇನ್ನು ಕೆಲವು ಕಡೆ ಅವಕಾಶ ಎಣಿಸುವುದಿಲ್ಲ, ಇಷ್ಟನೇ ಸೆಮಿಸ್ಟರ್ ಒಳಗೆ ಇಷ್ಟು ಕ್ರೆಡಿಟ್ ಮುಗಿದಿರಬೇಕು ಎನ್ನುತ್ತಾರೆ. ಕಡ್ಡಾಯ ಪೇಪರ್‌ನಲ್ಲಿ ಕೊನೆಯ ಅವಕಾಶವೂ ಹೋದರೆ ಆ ಕೋರ್ಸಿನಿಂದಲೇ ಹೊರಗೆ. ಅಷ್ಟಕ್ಕೇ ಮುಗಿಯುವುದಿಲ್ಲ. ಜರ್ಮನಿಯ ಬೇರೆ ಯೂನಿವರ್ಸಿಟಿಗೆ ಹೋಗಿ ಅದೇ ಕೋರ್ಸ್ ಸೇರುತ್ತೇನೆ ಎಂದರೂ ಸೇರಿಸುವುದಿಲ್ಲ. ನೀವಿರುವುದು ಓದಿನ ಪರ್ಮಿಟ್ ಮೇಲೆ, ಹಾಗಾಗಿ ವೀಸಾಕ್ಕೂ ತೊಂದರೆ.

ಸಕಲೇಶಪುರ ಕಡೆಯ ಒಬ್ಬ ಹುಡುಗ ಮೊದಲ ಸೆಮಿಸ್ಟರ್‌ನಲ್ಲಿ ಆರೂ ಪೇಪರ್‌ಗೆ ಹೆಸರು ಕೊಟ್ಟ. ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ ಬರುತ್ತಿದ್ದ 992 ಯೂರೋದಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೇ ಹೋಗುತ್ತಿತ್ತು. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಲು ಬಿಡುತ್ತಾರಲ್ಲ ಎಂದು ಗೋಡೌನ್‌ನಲ್ಲಿ ಶಿಫ್ಟ್ ಹಿಡಿದ. ಫೆಬ್ರವರಿಯಲ್ಲಿ ಸ್ಟಾಟಿಸ್ಟಿಕ್ಸ್ ಓದಿರಲಿಲ್ಲ, ಪರೀಕ್ಷೆಗೆ ಹೋಗಲಿಲ್ಲ. ಬ್ಯಾಕ್‌ಲಾಗ್ ತಾನೇ, ಮುಂದಿನ ಸಲ ಬರೆದರಾಯಿತು ಎಂದುಕೊಂಡ. ಮುಂದಿನ ಸಲ ಬರೆದು ಫೇಲಾದ. ಮೂರನೇ ಸಲ ಸ್ವಲ್ಪದರಲ್ಲಿ ಪಾಸ್ ತಪ್ಪಿತು. ಮೊದಲ ಅವಕಾಶ ಪರೀಕ್ಷೆ ಹಾಲ್ ನೋಡದೆಯೇ ಹೋಗಿತ್ತು ಎಂಬುದು ಅವನಿಗೆ ಗೊತ್ತಾದದ್ದು ಕಚೇರಿಯಿಂದ ಕಾಗದ ಬಂದ ಮೇಲೆ. ಊರಲ್ಲಿ ಅಪ್ಪ ತೋಟದ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದರು. ಅವನು ಬೇರೆ ವಿಷಯದ ಕೋರ್ಸ್‌ಗೆ ಮೊದಲಿನಿಂದ ಸೇರಬೇಕಾಯಿತು.

ಆದ್ದರಿಂದ ಬಂದ ಮೊದಲ ವಾರವೇ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿ ಇಳಿಸಿಕೊಳ್ಳಿ. ಇಲ್ಲಿ ಅದಕ್ಕೆ ಪ್ರೂಫುಂಗ್ಸ್‌ಓರ್ಡ್ನುಂಗ್ ಎನ್ನುತ್ತಾರೆ. ಇಂಗ್ಲಿಷ್ ಅನುವಾದ ಸಾಮಾನ್ಯವಾಗಿ ಮಾಹಿತಿಗೆ ಮಾತ್ರ, ಜರ್ಮನ್ ಪ್ರತಿಯೇ ಲೆಕ್ಕಕ್ಕೆ ಬರುವುದು. ಯಾರಿಂದಾದರೂ ಓದಿಸಿ. ಸೀನಿಯರ್ ಹೇಳಿದ್ದನ್ನು ನಂಬಬೇಡಿ, ಅವರ ಕೋರ್ಸಿನ ನಿಯಮ ಬೇರೆ ಇರಬಹುದು. ಮೊದಲ ಸೆಮಿಸ್ಟರ್‌ನಲ್ಲಿ ಮೂರೋ ನಾಲ್ಕೋ ಪೇಪರ್ ಗಟ್ಟಿಯಾಗಿ ಬರೆಯುವುದು ಆರಕ್ಕೂ ಹೆಸರು ಕೊಡುವುದಕ್ಕಿಂತ ಮೇಲು.

ಯಾವ ಪದ್ಧತಿ ಒಳ್ಳೆಯದು ಎಂದು ಕೇಳುತ್ತಾರೆ. ಜರ್ಮನಿಯಲ್ಲಿ ಫಲಿತಾಂಶ ಬಂದ ಮೇಲೆ ಒಂದು ದಿನ ಗೊತ್ತು ಮಾಡಿ ನಿಮ್ಮ ಉತ್ತರ ಪತ್ರಿಕೆಯನ್ನು ನಿಮ್ಮ ಕೈಗೇ ಕೊಟ್ಟು ತೋರಿಸುತ್ತಾರೆ. ಎಲ್ಲಿ ಅಂಕ ಹೋಯಿತು ಎಂದು ಕೇಳಬಹುದು. ನಮ್ಮಲ್ಲಿ ಫೋಟೊಕಾಪಿಗೂ ರೀವ್ಯಾಲ್ಯುಯೇಶನ್‌ಗೂ ದುಡ್ಡು ಕಟ್ಟಿ ಕಾಯಬೇಕು. ಇದರಲ್ಲಿ ಜರ್ಮನಿ ಮುಂದೆ. ಆದರೆ ಒಂದು ಪೇಪರ್‌ಗಾಗಿ ಇಡೀ ದೇಶದಲ್ಲಿ ಬಾಗಿಲು ಮುಚ್ಚುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನಿಧಾನವಾಗಿ ಕಲಿಯುವವರಿಗೆ ನಮ್ಮ ಬ್ಯಾಕ್‌ಲಾಗ್ ಪದ್ಧತಿ ಕೊಡುವ ಜಾಗವನ್ನು ಈ ಪದ್ಧತಿ ಕೊಡುವುದಿಲ್ಲ.

ಈಗಾಗಲೇ ಎರಡು ಅವಕಾಶ ಕಳೆದುಕೊಂಡಿದ್ದೀರಾ? ಯಾರಿಗೂ ಹೇಳದೆ ಕೂರಬೇಡಿ. ಮೂರನೇ ಸಲಕ್ಕೆ ಹೆಸರು ಕೊಡುವ ಮೊದಲು ಕೋರ್ಸಿನ ಸಲಹೆಗಾರರನ್ನು ಕಾಣಿ. ವಿದ್ಯಾರ್ಥಿ ಸಂಘ ಅಸ್ಟಾದಲ್ಲಿ ಬಹಳ ಕಡೆ ಉಚಿತವಾಗಿ ಕಾನೂನು ಸಲಹೆ ಕೊಡುತ್ತಾರೆ. ಕೊನೆಯ ಸಲ ಫೇಲಾದವರಿಗೆ ಮೌಖಿಕ ಪರೀಕ್ಷೆ ಇಡುವ ಯೂನಿವರ್ಸಿಟಿಗಳೂ ಇವೆ, ಕೇಳಿ ನೋಡಿ. ಐಚ್ಛಿಕ ಪೇಪರ್ ಆದರೆ ಬೇರೆಯದಕ್ಕೆ ಬದಲಾಯಿಸಲು ಕೆಲವು ಕಡೆ ಬಿಡುತ್ತಾರೆ. ಕೊನೆಯ ಅವಕಾಶ ಮುಗಿಯುವ ಮೊದಲೇ ಬಿಟ್ಟು ಬಂದವರಿಗೆ ಬೇರೆ ಯೂನಿವರ್ಸಿಟಿಯಲ್ಲಿ ಅದೇ ಕೋರ್ಸ್ ಸೇರುವ ದಾರಿ ಸಾಮಾನ್ಯವಾಗಿ ಉಳಿದಿರುತ್ತದೆ, ಮುಗಿದ ಮೇಲೆ ಉಳಿಯುವುದಿಲ್ಲ. ಅರ್ಜಿ ಹಾಕಲು ಕೊನೆ ದಿನ ಬಹಳ ಕಡೆ ಜನವರಿ 15 ಮತ್ತು ಜುಲೈ 15. ಎರಡನೇ ಫಲಿತಾಂಶ ಬಂದ ವಾರವೇ ಕ್ಯಾಲೆಂಡರ್ ತೆಗೆದು ನೋಡಿ.